ಹದಿನಾಲ್ಕು ಖಾಕಿ ಚಡ್ಡಿ

“ಅಕ್ಕಾ, ಹದಿನಾಲ್ಕು ಖಾಕಿ ಚಡ್ಡಿ ಬೇಕಿತ್ತು. ದೊಡ್ಡವರ ಅಳತೆ. ಕಾಲು ಸ್ವಲ್ಪ ಅಗಲ ಇರ್ಲಿ.”

ಮಾರ್ಚ್ ತಿಂಗಳ ಒಂದು ಶುಕ್ರವಾರ. ಶುಕ್ರವಾರ ಅಂದರೆ ಮಡಿಕೇರಿ ಸಂತೆ, ಹೆಂಗಸರು ತರಕಾರಿ ಚೀಲ ಹಿಡಿದುಕೊಂಡೇ ಬ್ಲೌಸ್ ಅಳತೆ ಕೊಡಲು ಬರುವ ದಿನ. ಮಹದೇವಪೇಟೆಯ ಒಳದಾರಿಯಲ್ಲಿರುವ ನನ್ನ ಅಂಗಡಿಯಲ್ಲಿ ಮೂರು ಜನ ನಿಂತರೆ ನಾಲ್ಕನೆಯವರು ಹೊರಗೆ. ಅಂಥದ್ದರಲ್ಲಿ ಇಬ್ಬರು ಹುಡುಗರು ತಲೆಯ ಹೆಲ್ಮೆಟ್ಟೂ ತೆಗೆಯದೆ ಬಂದು ಚಡ್ಡಿ ಕೇಳುತ್ತಿದ್ದಾರೆ.

“ಎಂತಕ್ಕೆ? ಸ್ಕೌಟ್ಸಾ?”

“ಅಲ್ಲಕ್ಕ. ಬ್ರಿಟಿಷರಿಗೆ.”

ವಿಷಯ ಇಷ್ಟೇ. ಏಪ್ರಿಲ್ ಮೊದಲ ವಾರ ಅವರ ಸಮಿತಿಯಿಂದ, ಕೊಡಗು ಸುಳ್ಯ ಕಡೆಯ ರೈತರು ಬ್ರಿಟಿಷರ ವಿರುದ್ಧ ಎದ್ದ 1837ರ ದಂಗೆಯ ನೆನಪಿಗೆ ಒಂದು ಮೆರವಣಿಗೆ. ಮುಂದೆ ಲಾರಿ ಮೇಲೆ ಸ್ತಬ್ಧಚಿತ್ರ, ಹಿಂದೆ ವೇಷ ಹಾಕಿಕೊಂಡ 40 ಜನರ ನಡಿಗೆ. ಅದರಲ್ಲಿ 26 ಜನ ನಮ್ಮವರು, 14 ಜನ ಬ್ರಿಟಿಷರು. ನಮ್ಮವರಿಗೆ ಕುಪ್ಪಸ ದಟ್ಟಿ (ಗಂಡಸರ ಉದ್ದ ಮೇಲಂಗಿ, ಅದರ ಮೇಲೆ ಸೊಂಟಕ್ಕೆ ಬಿಗಿಯುವ ಪಟ್ಟಿ) ಬಾಡಿಗೆಗೆ, ಬ್ರಿಟಿಷರಿಗೆ ಖಾಕಿ ಚಡ್ಡಿ ಹೊಲಿಸಿ. ಮುಖಕ್ಕೆ ಪೌಡರ್ ಅವರೇ ತರುತ್ತಾರಂತೆ.

ಈ ಅಂಗಡಿ ನನ್ನ ಅಪ್ಪನದು. ಅಪ್ಪ ಗಂಡಸರ ಬಟ್ಟೆ ಹೊಲಿಯುವವರು, ಅದರಲ್ಲೂ ಕುಪ್ಪಸಕ್ಕೆ ಹೆಸರಾದವರು. ನಮ್ಮ ಅರೆಭಾಷೆ ಮನೆಗಳಲ್ಲಿ ಕುಪ್ಪಸ ದಟ್ಟಿ, ಕೊಡವರ ಮನೆಗಳಲ್ಲಿ ಕುಪ್ಯ ಚೇಲೆ. ಹೆಸರು ಬೇರೆಯಾದರೂ ಅಪ್ಪನ ಕತ್ತರಿ ಒಂದೇ. ನಾನು ಏಳನೇ ಕ್ಲಾಸಿನಿಂದ ಅಲ್ಲಿ ಕಾಜಾ ಹಾಕಿದವಳು. ಅಪ್ಪನ ಕಣ್ಣು ಮಂಜಾದ ಮೇಲೆ ಗಂಡಸರ ಅಳತೆಯನ್ನೂ ನಾನೇ ತೆಗೆಯಲು ಶುರು ಮಾಡಿದೆ. ಟೇಪು ಎದೆಗೆ ಸುತ್ತಿದ ಕೂಡಲೇ ಎಲ್ಲರೂ ಉಸಿರು ಬಿಗಿ ಹಿಡಿದುಬಿಡುತ್ತಿದ್ದರು. ಹಾಗಾಗಿ ಆ ಮೊದಲ ವರ್ಷದ ಕುಪ್ಪಸಗಳೆಲ್ಲ ಒಂದೊಂದಿಂಚು ದೊಡ್ಡವು, ಕೆಲವು ಈಗಲೂ ಮದುವೆಗಳಲ್ಲಿ ನನ್ನೆದುರೇ ಓಡಾಡುತ್ತವೆ. ಆಮೇಲೆ ಬ್ಲೌಸ್ ಬಂತು. ಸ್ಕೂಲ್ ಡೇ, ಗಣರಾಜ್ಯೋತ್ಸವ, ದಸರಾ ಮಂಟಪಗಳಿಗೆ ವೇಷ ಬಾಡಿಗೆ ಕೊಡುವುದೂ ಸೇರಿಕೊಂಡಿತು. ಒಂದು ಕಪಾಟು ಪೂರ್ತಿ ರಾಮ, ಕೃಷ್ಣ, ಕಿತ್ತೂರು ಚೆನ್ನಮ್ಮ, ನೆಹರು ಮತ್ತು ನುಸಿಗುಳಿಗೆ.

ಅಂಗಡಿಯ ಬೆಂಚಿನ ಮೇಲೆ ಆವತ್ತು ಸುಬೇದಾರ್ ಮಾವ ಕೂತಿದ್ದರು. ಅವರು ನನಗೆ ಸಂಬಂಧದಿಂದ ಮಾವ ಅಲ್ಲ, ಅಪ್ಪನ ಸ್ನೇಹಿತರು, ಸೈನ್ಯದಲ್ಲಿದ್ದು ನಿವೃತ್ತರಾದವರು. ಸಂತೆ ಮುಗಿಸಿ ಬಸ್ಸಿಗೆ ಕಾಯುವಷ್ಟು ಹೊತ್ತು ನಮ್ಮಲ್ಲೇ ಪೇಪರ್ ಓದುತ್ತಾರೆ. ಪೇಪರಿನಿಂದ ಮುಖ ಎತ್ತದೆ ಕೇಳಿದರು: “ಯಾವ ಇಸವಿ ಅಂದೆ ಮಾರಾಯ?”

“1837, ಮಾವ.”

“ಆಗ ಖಾಕಿ ಎಲ್ಲಿತ್ತು?”

ಹುಡುಗರು ನಕ್ಕರು. ನಾನೂ ನಕ್ಕೆ. ಮಾವ ನಗಲಿಲ್ಲ. ಪೇಪರ್ ಮಡಚಿಟ್ಟು ಹೇಳಿದರು: ಖಾಕಿ ಸೈನ್ಯಕ್ಕೆ ಬಂದದ್ದು ಪೇಶಾವರದ ಕಡೆಯಿಂದ. 1846ರಲ್ಲಿ ಲಮ್ಸ್‌ಡೆನ್ ಎಂಬ ಅಧಿಕಾರಿ ಗೈಡ್ಸ್ ಎಂಬ ಪಡೆ ಕಟ್ಟಿದ, ದೂಳಿನ ನಾಡಿನಲ್ಲಿ ದೂರಕ್ಕೆ ಕಾಣಬಾರದು ಅಂತ ಅವರಿಗೆ ಮಣ್ಣಿನ ಬಣ್ಣದ ಬಟ್ಟೆ ತೊಡಿಸಿದ. ಉಳಿದ ಪಡೆಗಳಿಗೆ ಅದು ಹಬ್ಬಿದ್ದು 1857ರ ಗಲಾಟೆಯ ಹೊತ್ತಿಗೆ ಮತ್ತು ಅದರ ನಂತರ. 1837ರಲ್ಲಿ ಮಂಗಳೂರಿನಲ್ಲಾಗಲಿ ಮಡಿಕೇರಿಯಲ್ಲಾಗಲಿ ಕಂಪನಿಯ ಸಿಪಾಯಿ ಅಂದರೆ ಕೆಂಪು ಕೋಟು, ಎದೆ ಮೇಲೆ ಅಡ್ಡಡ್ಡ ಬಿಳಿ ಪಟ್ಟಿ. “ಮತ್ತೆ ಆ ಪೌಡರ್ ಎಂತಕ್ಕೆ? ಮದ್ರಾಸ್ ಆರ್ಮಿಯ ಸಿಪಾಯಿಗಳೆಲ್ಲ ನಮ್ಮ ದಕ್ಷಿಣದವರೇ. ಆಫೀಸರ್ ಒಬ್ಬನಿಗೆ ಹಚ್ಚಿ ಸಾಕು.”

ನನಗೆ ಇದರಲ್ಲಿ ಮಜಾ ಅನ್ನಿಸಿದ್ದು ಇನ್ನೊಂದು. ಮಂಗಳೂರಿಗೂ ಖಾಕಿಗೂ ನಂಟಿದೆ. ಬಾಸೆಲ್ ಮಿಷನ್ನಿನವರ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಜರ್ಮನ್ ನೇಕಾರ ಖಾಕಿ ಬಣ್ಣ ತಯಾರಿಸಿದ ಕಥೆ ಆ ಊರಿನ ಹಳಬರೆಲ್ಲ ಹೇಳುತ್ತಾರೆ. ಅದು 1850ರ ದಶಕ. ಅಂದರೆ ನಮ್ಮವರು ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ 13 ದಿನ ಮಂಗಳೂರು ಹಿಡಿದುಕೊಂಡಿದ್ದಾಗ ಆ ಬಣ್ಣದ ಕಡಾಯಿಗೆ ಇನ್ನೂ ಬೆಂಕಿಯೇ ಹತ್ತಿರಲಿಲ್ಲ.

ಹುಡುಗರಿಗೆ ಇದು ರುಚಿಸಲಿಲ್ಲ. “ಜನಕ್ಕೆ ಬ್ರಿಟಿಷರು ಅಂದ್ರೆ ಖಾಕಿನೇ ಅಕ್ಕ. ಕೆಂಪು ಕೋಟು ಹಾಕಿದ್ರೆ ಬ್ಯಾಂಡ್ ಸೆಟ್‌ನವರು ಅಂದ್ಕೋತಾರೆ.”

ಅದೂ ಸುಳ್ಳಲ್ಲ. ಆದರೆ ಆ ಮಾತಿನಿಂದಲೇ ನನಗೆ ದಾರಿ ಹೊಳೆಯಿತು. ಕುಶಾಲನಗರ ಕಡೆಯ ಒಂದು ಬ್ಯಾಂಡ್ ಸೆಟ್ ಮುಚ್ಚಿದಾಗ ಅವರ ಕೋಟುಗಳನ್ನು ನಾನೇ ಕೊಂಡುಕೊಂಡಿದ್ದೆ. ಹದಿನೇಳು ಕೆಂಪು ಕೋಟು. ಹೆಗಲ ಮೇಲಿನ ಚಿನ್ನದ ಕುಚ್ಚು ಬಿಚ್ಚಿ, ಬೆನ್ನಿನ ಸಿಂಹ ಕಿತ್ತು, ಕಾಲರಿನೊಳಗೆ ಹಾಕುವ ಬಿಳಿ ಕ್ಯಾನ್ವಾಸಿನಿಂದ ಎದೆ ಪಟ್ಟಿ ಮಾಡಿದರೆ ಮುಗಿಯಿತು. ಚಡ್ಡಿಯ ದುಡ್ಡಿಗಿಂತ ಕಡಿಮೆ ಅಂದೆ. ಕಡಿಮೆ ಅಂದ ಕೂಡಲೇ ಇತಿಹಾಸ ಅವರಿಗೆ ಒಪ್ಪಿಗೆಯಾಯಿತು.

ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ನಾನು ಗೆದ್ದ ಖುಷಿಯಲ್ಲಿ ಕಪಾಟು ತೆಗೆದು ನಮ್ಮವರಿಗೆ ಬೇಕಾದ ಕುಪ್ಪಸಗಳನ್ನು ಮೇಜಿನ ಮೇಲೆ ಪೇರಿಸುತ್ತಿದ್ದೆ. ಹೆಲ್ಮೆಟ್ ಹುಡುಗರಲ್ಲಿ ಚಿಕ್ಕವನು ಒಂದನ್ನು ಎತ್ತಿ ಒಳಗೆ ಹೊರಗೆ ನೋಡಿದ.

“ಅಕ್ಕ, ಬ್ರಿಟಿಷರಿಗೆ ಇಷ್ಟೆಲ್ಲ ಲೆಕ್ಕ ಹೇಳಿದ್ರಿ. ನಮ್ಮವರದ್ದು ಇದು ಸರಿ ಇದ್ಯಾ?”

ನಾನು ಅವನ ಕೈಯಿಂದ ಕುಪ್ಪಸ ತೆಗೆದುಕೊಂಡೆ. ಅದು ನಾನೇ ಹೊಲಿದದ್ದು, ಒಂದು ಮದುವೆ ಆರ್ಡರಿನಲ್ಲಿ ಉಳಿದದ್ದು. ಸೂಟಿಂಗ್ ಬಟ್ಟೆ, ಪಾಲಿಯೆಸ್ಟರ್ ಹೆಚ್ಚಿರುವ ಕಪ್ಪು. ಬಲ್ಬಿನ ಕೆಳಗೆ ಹಿಡಿದರೆ ಹಲ್ಲಿ ಬೆನ್ನಿನ ಹಾಗೆ ಹೊಳೆಯುತ್ತದೆ. ಹೆಗಲಿಗೆ ಪ್ಯಾಡ್. ಎದೆಯ ಪಟ್ಟಿ ನೆಟ್ಟಗೆ ನಿಲ್ಲಲಿ ಅಂತ ಅಂಟಿಸಿದ ಕ್ಯಾನ್ವಾಸ್. ಒಳಗೆ ಪಕ್ಕೆಯ ಹತ್ತಿರ ಎರಡು ಹುಕ್ಕು, ಮೊಬೈಲ್ ಇಡಲು ಒಂದು ಜೇಬು (ಅದು ನನ್ನದೇ ಐಡಿಯಾ, ಎಲ್ಲರೂ ಮೆಚ್ಚಿದ್ದಾರೆ). ಅಂಚುಗಳೆಲ್ಲ ಓವರ್‌ಲಾಕ್. ಮೇಲೆ ಕಟ್ಟುವ ದಟ್ಟಿ ಕುಂಕುಮ ಕೆಂಪು, ತುದಿಗೆ ಮಿಷನ್ನಿನಲ್ಲಿ ಹಾಕಿಸಿದ ಪ್ಲಾಸ್ಟಿಕ್ ಜರಿ.

ಇದರಲ್ಲಿ 1837ಕ್ಕೆ ಸೇರಿದ್ದು ಯಾವುದು? ಸಿಂಗರ್ ಹೊಲಿಗೆ ಮಿಷನ್ನಿಗೆ ಪೇಟೆಂಟ್ ಸಿಕ್ಕಿದ್ದು 1851ರಲ್ಲಿ. ಪಾಲಿಯೆಸ್ಟರ್ ಬಂದದ್ದು ಅದಕ್ಕೂ 90 ವರ್ಷದ ಮೇಲೆ. ಸೆರಗಿಗೆ ಚುಚ್ಚುವ ಸೇಫ್ಟಿ ಪಿನ್ ಇದೆಯಲ್ಲ, ಅದು ಕೂಡ 1849ರದ್ದು. ಬ್ರಿಟಿಷರ ಚಡ್ಡಿಯ ವಿಷಯದಲ್ಲಿ ಪೇಶಾವರದವರೆಗೆ ಹೋಗಿ ಬಂದ ನಾವು ನಮ್ಮವರ ವಿಷಯದಲ್ಲಿ ಕಪಾಟಿನವರೆಗೆ ಮಾತ್ರ ಹೋಗಿದ್ದೆವು. ಇನ್ನೊಬ್ಬರ ಬಟ್ಟೆಯಾದರೆ ಗೊತ್ತಿಲ್ಲ ಅಂತ ಹುಡುಕುತ್ತೇವೆ. ನಮ್ಮದಾದರೆ ಗೊತ್ತು ಅಂತ ಮದುವೆ ಆಲ್ಬಮ್ ತೆಗೆಯುತ್ತೇವೆ. ದಂಗೆಗೆ ಹೊರಟ ಅಜ್ಜ ಮದುವೆ ಊಟಕ್ಕೆ ಬಂದವರ ಹಾಗೆ ಕಾಣುವುದು ಅದಕ್ಕೇ.

“ಒಂದು ವಾರ ಟೈಮ್ ಕೊಡಿ” ಅಂದೆ.

ಹಾಗೆ ಹೇಳುವ ಧೈರ್ಯ ಬಂದದ್ದು ನನ್ನ ಅಕ್ಕನ ಮಗಳಿಂದ. ಅವಳಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ರೆನೆಸಾನ್ಸ್ ಫೇರ್ ಅಂತ ಒಂದು ಜಾತ್ರೆ ಮಾಡುತ್ತಾರೆ. ದೇವರಿಲ್ಲದ ಜಾತ್ರೆ. ಇಂಗ್ಲೆಂಡಿನ ಮೊದಲ ಎಲಿಜಬೆತ್ ರಾಣಿಯ ಕಾಲದ ಹಳ್ಳಿಯನ್ನು ಬಯಲಿನಲ್ಲಿ ಕಟ್ಟಿ, ಟಿಕೆಟ್ ಇಟ್ಟು, ಜನ ಆ ಕಾಲದ ಬಟ್ಟೆ ಹಾಕಿಕೊಂಡು ತಿರುಗಾಡುವುದು. 1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿ ಈಗ ಅಮೆರಿಕದ ತುಂಬ ಹರಡಿದೆ. ಎರಡು ವರ್ಷದ ಹಿಂದೆ ಅವಳು ವಾಟ್ಸಾಪಿನಲ್ಲಿ ಒಂದು ಚಿತ್ರ ಕಳಿಸಿ, “ಚಿಕ್ಕಮ್ಮ, ಇಲ್ಲಿ ಹೊಲಿಸಿದ್ರೆ ಮನೆ ಮಾರ್ಬೇಕು, ನೀನೇ ಹೊಲ್ದು ಕಳ್ಸು” ಅಂದಳು. ನೇರಳೆ ಬಣ್ಣದ ವೆಲ್ವೆಟ್ ಗೌನು, ಬೆನ್ನಿಗೆ ಜಿಪ್ಪು.

ಬಟ್ಟೆ ತರುವ ಮೊದಲೇ ಎರಡನೇ ಸಂದೇಶ ಬಂತು. ಅವಳ ಗೆಳತಿಯೊಬ್ಬಳು ಇದನ್ನೇ ವ್ರತದ ಹಾಗೆ ಮಾಡುವವಳು. ಜಾತ್ರೆಯವರು ಬೇರೆ, ಇವರು ಬೇರೆ. ಜಾತ್ರೆಗೆ ರೆಕ್ಕೆ ಕಟ್ಟಿದ ಕಿನ್ನರಿಯೂ ಬರುತ್ತಾಳೆ, ಕಡಲ್ಗಳ್ಳನೂ ಬರುತ್ತಾನೆ, ಯಾರೂ ಕೇಳುವುದಿಲ್ಲ. ಚರಿತ್ರೆಯನ್ನು ಮತ್ತೆ ಆಡಿ ತೋರಿಸುವ ಗುಂಪಿನವರು ಹಾಗಲ್ಲ, ಹೊಲಿಗೆ ಬಿಚ್ಚಿ ನೋಡುವವರು. “ದಾರ ಎಣಿಸುವವರು ಅಂತ ಅವರಿಗೆ ಹೆಸರು, ಚಿಕ್ಕಮ್ಮ.” ಆ ದಾರ ಎಣಿಸುವವಳು ನೇರಳೆ ಗೌನು ನೋಡಿ, ಇದನ್ನು ಹಾಕಿಕೊಂಡರೆ ನಿನ್ನನ್ನು ಹಿಡಿದುಕೊಂಡು ಹೋಗುತ್ತಿದ್ದರು ಅಂದಳಂತೆ. 1574ರಲ್ಲಿ ರಾಣಿ ಒಂದು ಆಜ್ಞೆ ಹೊರಡಿಸಿದ್ದಳು: ಯಾವ ಅಂತಸ್ತಿನವರು ಯಾವ ಬಟ್ಟೆ ತೊಡಬಹುದು ಅಂತ. ನೇರಳೆ ರೇಷ್ಮೆ ರಾಜಮನೆತನದವರಿಗೆ ಮತ್ತು ತೀರಾ ಮೇಲಿನ ದೊಡ್ಡವರಿಗೆ ಮಾತ್ರ. ನೇರಳೆ ಅಗ್ಗವಾದದ್ದು 1856ರಲ್ಲಿ, ಪರ್ಕಿನ್ ಎಂಬ 18 ವರ್ಷದ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋಗಿ ತಪ್ಪಿ ಬಣ್ಣ ಮಾಡಿಬಿಟ್ಟ ಮೇಲೆ.

ನನಗೆ ನಗು ಬಂತು. ನಮ್ಮಲ್ಲಿ ಆಗಸ್ಟ್ 3ಕ್ಕೆ, ಆಟಿ ತಿಂಗಳ 18ರಂದು, ಕೂಲಿಯವರ ಮನೆಯಲ್ಲೂ ಸಾಹುಕಾರರ ಮನೆಯಲ್ಲೂ ಪಾಯಸ ನೇರಳೆಯೇ. ಮದ್ದುಸೊಪ್ಪು ಬೇಯಿಸಿದ ಆ ನೀರಿನ ಬಣ್ಣ ನೋಡಿದ್ದರೆ ಎಲಿಜಬೆತ್ ಕೊಡಗಿನ ಮೇಲೂ ಆಜ್ಞೆ ಹೊರಡಿಸುತ್ತಿದ್ದಳು. ಆ ನೀರಲ್ಲಿ ಒಂದು ತುಂಡು ಮಲ್ ಬಟ್ಟೆ ಅದ್ದಿ ನೋಡಿದ್ದೆ. ಒಣಗುವಾಗ ಚೆಂದ ಇತ್ತು, ಒಂದು ಒಗೆತಕ್ಕೆ ಹೊಗೆಸೊಪ್ಪಿನ ಬಣ್ಣಕ್ಕೆ ಬಂತು.

ಕೊನೆಗೆ ಅವಳು ಹಳ್ಳಿ ಹೆಂಗಸಾದಳು. ಲಿನನ್ನಿನ ಒಳಂಗಿ, ಅದರ ಮೇಲೆ ಉಣ್ಣೆಯ ಉದ್ದ ಅಂಗಿ, ಮುಂದೆ ದಾರ ಪೋಣಿಸಿ ಬಿಗಿಯುವಂಥದ್ದು, ಮೇಲೊಂದು ಏಪ್ರನ್, ತಲೆಗೆ ಕುಲಾವಿ. ಜಿಪ್ಪು ಇಲ್ಲ, ಹುಕ್ಕಿಲ್ಲ. ದಾರ ಪೋಣಿಸುವ ತೂತುಗಳಿಗೆ ಶೂಸಿನಲ್ಲಿರುತ್ತದಲ್ಲ, ಆ ಲೋಹದ ಬಳೆಯೂ ಇಲ್ಲ, ಅದು 19ನೇ ಶತಮಾನದ್ದು. 24 ತೂತು, ಎಲ್ಲ ಕೈಯಲ್ಲಿ.

ನಾನು ಜೀವನದಲ್ಲಿ ಸಾವಿರಾರು ಕಾಜಾ ಹಾಕಿದ್ದೇನೆ, ಆದರೆ ಬಟ್ಟೆ ಕತ್ತರಿಸದೆ ತೂತು ಮಾಡಿದ್ದು ಅದೇ ಮೊದಲು. ಅಪ್ಪನ ಪೆಟ್ಟಿಗೆಯಲ್ಲಿದ್ದ ಮರದ ಹಿಡಿಯ ದಬ್ಬಳ ತೆಗೆದು ಬಟ್ಟೆಗೆ ಚುಚ್ಚಿ ನಿಧಾನ ತಿರುಗಿಸಬೇಕು. ಎಳೆಗಳು ತುಂಡಾಗುವುದಿಲ್ಲ, ಪಕ್ಕಕ್ಕೆ ಸರಿದು ಜಾಗ ಬಿಡುತ್ತವೆ, ಸಂತೆಯಲ್ಲಿ ಜನ ಆನೆಗೆ ಜಾಗ ಬಿಟ್ಟ ಹಾಗೆ. ಅದು ಮುಚ್ಚಿಕೊಳ್ಳುವ ಮೊದಲು ಮೇಣ ಸವರಿದ ದಾರದಿಂದ ಸುತ್ತ ಹೊಲಿಗೆ ಹಾಕಿ ಬಿಗಿಯಬೇಕು. ಮೊದಲನೆಯದಕ್ಕೆ 20 ನಿಮಿಷ ಹಿಡಿಯಿತು, ಇಪ್ಪತ್ತನಾಲ್ಕನೆಯದಕ್ಕೆ 6. ಒಂದು ಎಳೆಯೂ ಕತ್ತರಿಸದ ಕಾರಣ ಎಷ್ಟು ಎಳೆದರೂ ಹರಿಯುವುದಿಲ್ಲ. ಗೆಳತಿ ಗಾಜು ಹಿಡಿದು ನೋಡಿ ಒಪ್ಪಿದಳಂತೆ. ಪಕ್ಕದ ಉದ್ದ ಹೊಲಿಗೆಗಳನ್ನು ನಾನು ಮಿಷನ್ನಿನಲ್ಲೇ ಓಡಿಸಿದ್ದೆ. ಅದನ್ನು ಅವಳು ಕಂಡುಹಿಡಿಯಲಿಲ್ಲವೋ, ಕಂಡರೂ ಸುಮ್ಮನಾದಳೋ.

ಅವರಲ್ಲಿ ಒಂದು ಹತ್ತಡಿ ನಿಯಮ ಅಂತ ಇದೆ. ಹತ್ತಡಿ ದೂರದಿಂದ ಸರಿ ಕಂಡರೆ ಸರಿ. ಒಳಗಿನದು ನಿನ್ನ ಮತ್ತು ನಿನ್ನ ದರ್ಜಿಯ ವಿಚಾರ. ಆ ನಿಯಮ ನನಗೆ ಬಹಳ ಹಿಡಿಸಿತು. ಹತ್ತಡಿಯಿಂದ ಓವರ್‌ಲಾಕ್ ಕಾಣುವುದಿಲ್ಲ. ಕಾಣುವುದು ಬಟ್ಟೆಯ ಹೊಳಪು, ಅದು ಮೈಮೇಲೆ ಬೀಳುವ ರೀತಿ, ಮತ್ತು ಹೆಗಲು. ಪ್ಯಾಡ್ ಹಾಕಿದ ಹೆಗಲು ನೂರಡಿಯಿಂದಲೂ ಕಾಣುತ್ತದೆ.

ಆ ವಾರ ಮಾಡಿದ ಮೊದಲ ಕೆಲಸ ಸಮಿತಿಯವರ ಹತ್ತಿರ ಹಳೇ ಫೋಟೋ ಕೇಳಿದ್ದು. ನಾಲ್ಕು ಬಂದವು. ಒಂದರಲ್ಲಿ ಮನೆಯ ಜಗಲಿ ಮುಂದೆ ಐದು ಗಂಡಸರು, ಬರಿಗಾಲು, ಸೊಂಟದಲ್ಲಿ ಪೀಚೆಕತ್ತಿ. ಫೋಟೋ ತಂದವರು ಹಿರಿಯರು, ಸಮಿತಿಯಲ್ಲಿ ಅವರದೇ ಮಾತು. “ನೋಡಮ್ಮ, ಕೆಂಪು ದಟ್ಟಿ ಅಂತ ಎಲ್ಲ ಹೇಳ್ತಾರೆ. ನಮ್ಮ ಮನೆಯವರದ್ದು ಕಪ್ಪು. ನಮಗೆ ಕಪ್ಪೇ ಬೇಕು.”

ನಿಜವಾಗಿಯೂ ಕಪ್ಪು. ಕುಪ್ಪಸಕ್ಕಿಂತ ಕಪ್ಪು. ನನಗೆ ಉತ್ತರ ಗೊತ್ತಿರಲಿಲ್ಲ. ಫೋಟೋ ಸ್ಕ್ಯಾನ್ ಮಾಡಿಸಲು ಹೋದಾಗ ಸ್ಟುಡಿಯೋದ ಅಜ್ಜ ಅದನ್ನು ಕಿಟಕಿಗೆ ಹಿಡಿದು ನೋಡಿ ಕೇಳಿದರು: “ಡಾರ್ಕ್‌ರೂಮಲ್ಲಿ ಕೆಂಪು ಬಲ್ಬ್ ಯಾಕೆ ಹಾಕ್ತಿದ್ವಿ ಹೇಳು?”

“ಕತ್ತಲೆ ಇರ್ಲಿ ಅಂತ.”

“ಕತ್ತಲೆ ಬೇಕಾದ್ರೆ ಬಲ್ಬ್ ಯಾಕಮ್ಮ? ಕೆಂಪು ಬೆಳಕು ಫೋಟೋ ಪೇಪರಿಗೆ ಕಾಣೋದಿಲ್ಲ, ಅದಕ್ಕೆ.”

ಹಳೆಯ ಗಾಜಿನ ಪ್ಲೇಟುಗಳೂ ಹಾಗೇ. ನೀಲಿ ಬೆಳಕು ಚೆನ್ನಾಗಿ ಹಿಡಿಯುತ್ತವೆ, ಕೆಂಪು ಹಿಡಿಯುವುದಿಲ್ಲ. ಹಿಡಿಯದ್ದೆಲ್ಲ ಫೋಟೋದಲ್ಲಿ ಕಪ್ಪು. ಹಣೆಯ ಕುಂಕುಮ ಕಪ್ಪು, ಎಲೆಯಡಿಕೆ ತುಟಿ ಕಪ್ಪು, ಕೆಂಪು ದಟ್ಟಿ ಕಡುಗಪ್ಪು. ನೀಲಿಯದ್ದು ಉಲ್ಟಾ, ಬೆಳ್ಳಗೆ ಬರುತ್ತದೆ. ಆ ಫೋಟೋಗಳಲ್ಲಿ ಆಕಾಶ ಯಾವಾಗಲೂ ಖಾಲಿ ಕಾಗದದ ಹಾಗಿರುವುದು ಅದಕ್ಕೇ. ಅಂದರೆ ನಾವು ಬಿಳಿ ಕುಪ್ಪಸ ಅಂದುಕೊಳ್ಳುವ ಕೆಲವು ತೆಳು ನೀಲಿ ಇದ್ದಿರಬಹುದು. ನಾನು ಅಲ್ಲೇ ಕುರ್ಚಿ ಎಳೆದು ಕೂತು ನಾಲ್ಕೂ ಫೋಟೋಗಳನ್ನು ಮತ್ತೆ ಮೊದಲಿನಿಂದ ನೋಡಿದೆ.

ಹಿರಿಯರಿಗೆ ಇದನ್ನು ಹೇಳಲು ಹೋದೆ. ಅವರು ಪೂರ್ತಿ ಕೇಳಿ, “ನಮ್ಮಜ್ಜನ ದಟ್ಟಿ ಕೆಂಪು ಅಂತ ಹೇಳ್ಲಿಕ್ಕೆ ಇಷ್ಟು ಸುತ್ತು ಬಂದ್ಯಾ?” ಅಂದರು. ಒಪ್ಪಿದರು ಅಂತಲೇ ಲೆಕ್ಕ.

ನಿಜವಾದ ಜಗಳ ಆದದ್ದು ಬಣ್ಣಕ್ಕಲ್ಲ, ಬಡತನಕ್ಕೆ. 26 ಜನರಲ್ಲಿ ಮುಂದಾಳುಗಳು ಆರೇಳು ಜನ ಕುಪ್ಪಸ ಹಾಕಲಿ, ಉಳಿದವರಿಗೆ ಕೋರಾ ಪಂಚೆ, ಹೆಗಲಿಗೆ ಕಂಬಳಿ, ಬರಿಗಾಲು ಸಾಕು ಅಂದೆ. ಸಭೆ ನಡೆದದ್ದು ಒಂದು ಮನೆಯ ಜಗಲಿಯಲ್ಲಿ, ಬೆಲ್ಲದ ಕಾಫಿ ಕೊಟ್ಟಿದ್ದರು. ಲೋಟ ಕೆಳಗಿಟ್ಟ ಸದ್ದಿನಲ್ಲೇ ನನಗೆ ಗೊತ್ತಾಯಿತು.

“ನಮ್ಮವರನ್ನ ಭಿಕ್ಷುಕರ ಹಾಗೆ ತೋರಿಸ್ತೀಯಾ?” ಅಂದರು ಫೋಟೋ ತಂದ ಹಿರಿಯರು.

“ಭಿಕ್ಷುಕರಲ್ಲ ಮಾವ, ರೈತರು. ಭತ್ತದಲ್ಲಿ ಕೊಡ್ತಿದ್ದ ಕಂದಾಯ ದುಡ್ಡಲ್ಲೇ ಕಟ್ಟಿ ಅಂದಿದ್ದಕ್ಕೆ ಎದ್ದವರು. ದುಡ್ಡಿದ್ದಿದ್ರೆ ಕಟ್ಟಿ ಮನೇಲಿ ಇರ್ತಿದ್ರು.”

ಕೊಡಗನ್ನು ಬ್ರಿಟಿಷರು ತೆಗೆದುಕೊಂಡದ್ದು 1834ರಲ್ಲಿ. ಚಿಕ್ಕವೀರರಾಜನನ್ನು ಇಳಿಸಿ, ಅಮರ ಸುಳ್ಯ ಪುತ್ತೂರಿನ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿ, ಕಂದಾಯವನ್ನು ನಗದು ಮಾಡಿದರು. ಅದರ ಸಿಟ್ಟೇ 1837ರ ದಂಗೆ. ಬೆಳ್ಳಾರೆಯ ಖಜಾನೆ ಹಿಡಿದು, ದಾರಿಯುದ್ದ ಜನ ಸೇರುತ್ತ, ಏಪ್ರಿಲ್ 5ಕ್ಕೆ ಮಂಗಳೂರು. ಸಂತೆಗೆ ಹೊರಟ ಹಾಗೆ ಮನೆಯಿಂದ ಹೊರಟವರು ಪೆಟ್ಟಿಗೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುಪ್ಪಸವನ್ನು ಘಟ್ಟದ ಮುಳ್ಳಿಗೆ ಸಿಕ್ಕಿಸಲು ತೆಗೆಯುತ್ತಿದ್ದರೇ? ಬಟ್ಟೆ ಹೊಲಿಯುವವಳಾಗಿ ನಾನು ಅದನ್ನು ನಂಬುವುದಿಲ್ಲ.

ಹಿರಿಯರು ಹೇಳಿದ್ದೂ ಮರೆಯುವಂಥದ್ದಲ್ಲ. “ಕುಪ್ಪಸ ಇಲ್ಲದಿದ್ರೆ ಇವರು ನಮ್ಮವರು ಅಂತ ನಮ್ಮ ಮಕ್ಕಳಿಗೆ ಗೊತ್ತಾಗೋದು ಹೇಗಮ್ಮ? ಪಂಚೆ ಕಂಬಳಿ ಎಲ್ಲ ಕಡೆನೂ ಇದೆ.”

ಇದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಆಗ ಸುಬೇದಾರ್ ಮಾವ ಪುಟ್ಟಬಸಪ್ಪನ ಮಾತು ಎತ್ತಿದರು. ಈ ದಂಗೆಗೇ ಒಂದು ವೇಷ ಬೇಕಾಗಿತ್ತಲ್ಲ. ಶನಿವಾರಸಂತೆ ಕಡೆಯ ರೈತ ಪುಟ್ಟಬಸಪ್ಪನನ್ನು ರಾಜವಂಶದ ಕಲ್ಯಾಣಸ್ವಾಮಿ ಅಂತ ಜನರೆದುರು ನಿಲ್ಲಿಸಿದರು. ಅವನನ್ನು ರಾಜ ಅಂತ ನಂಬಿಯೇ ಊರೂರು ಎದ್ದದ್ದು. “ಅವನಿಗೆ ಯಾರೂ ದಾರ ಎಣಿಸ್ಲಿಲ್ಲ” ಅಂದರು ಮಾವ ನನ್ನ ಕಡೆ ನೋಡಿ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಕೊನೆಗೆ 12 ಕುಪ್ಪಸ, 14 ಕೋರಾ ಅಂತ ತೀರ್ಮಾನ. ಕಾಫಿ ಎರಡನೇ ಸಲ ಬಂತು.

ಮೂರು ವಾರದಲ್ಲಿ 12 ಹೊಸ ಕುಪ್ಪಸ. ಹತ್ತಿಯ ಕೈಮಗ್ಗದ ಬಟ್ಟೆ, ಪ್ಯಾಡ್ ಇಲ್ಲ, ಕ್ಯಾನ್ವಾಸ್ ಇಲ್ಲ, ಹುಕ್ಕಿಲ್ಲ, ಮೊಬೈಲ್ ಜೇಬಿಲ್ಲ. ಒಳಗಿನ ಹೊಲಿಗೆ ಮಿಷನ್, ಕತ್ತು ತೋಳಿನ ಅಂಚು ಕೈ. ಎರಡೂ ಪಾರ್ಶ್ವ ಒಂದರ ಮೇಲೊಂದು ತಂದು ದಟ್ಟಿ ಬಿಗಿದರೆ ಮಾತ್ರ ಅದು ಮೈಮೇಲೆ ನಿಲ್ಲುತ್ತದೆ. ಮೊದಲ ಟ್ರಯಲ್‌ಗೆ ಬಂದ ಹೆಲ್ಮೆಟ್ ಹುಡುಗ ದಟ್ಟಿ ಬಿಗಿದ ಕೂಡಲೇ ನೆಟ್ಟಗಾದ. ಪ್ಯಾಡ್ ಮಾಡುತ್ತಿದ್ದ ಕೆಲಸವನ್ನು ದಟ್ಟಿ ಕೆಳಗಿನಿಂದ ಮಾಡುತ್ತದೆ. ಅಪ್ಪ ಇದನ್ನು ಹೇಳುತ್ತಿದ್ದರು, ನಾನು ಕೇಳಿಸಿಕೊಂಡಿರಲಿಲ್ಲ.

ದಟ್ಟಿಗೆ ರೇಷ್ಮೆ ತರುವಷ್ಟು ದುಡ್ಡು ಸಮಿತಿಯಲ್ಲಿರಲಿಲ್ಲ. ಹತ್ತಿಯಲ್ಲೇ ಮಾಡಿ ನಾನೇ ಬಣ್ಣ ಹಾಕಿದೆ. 1856ಕ್ಕೆ ಮುಂಚಿನದಾದ್ದರಿಂದ ಬೇರಿನ ಬಣ್ಣ, ಮಂಜಿಷ್ಠ. ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ. ಹತ್ತಿಗೆ ಮಂಜಿಷ್ಠ ಹಿಡಿಯಬೇಕಾದರೆ ಮೊದಲು ಅಳಲೆಕಾಯಿ ಕಷಾಯದಲ್ಲಿ ನೆನೆಸಿ ಒಣಗಿಸಬೇಕು, ಆಮೇಲೆ ಪಟಿಕದ ನೀರು, ಮತ್ತೆ ಒಣಗಿಸಬೇಕು, ಆಮೇಲೆ ಬೇರಿನ ಜೊತೆ ಹದವಾದ ಬಿಸಿಯಲ್ಲಿ ಕುದಿಯಲು ಬಿಡದೆ ಇಡಬೇಕು, ಕೊನೆಗೆ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ನಾಲ್ಕೈದು ದಿನದ ಕೆಲಸ. ನನ್ನ ಹತ್ತಿರ ಇದ್ದದ್ದು ಎರಡು ದಿನ. ಅಳಲೆಕಾಯಿ ಬಿಟ್ಟೆ. ಜಾಲಿಸಿದ್ದೂ ಒಂದೇ ಸಲ. ಬಣ್ಣ ಮಾತ್ರ ನೋಡಬೇಕಿತ್ತು! ಅಂಗಡಿ ಕೆಂಪಿನ ಹಾಗೆ ಕಣ್ಣಿಗೆ ಚುಚ್ಚುವುದಿಲ್ಲ, ಹಂಚಿನ ಮಾಡಿಗೆ ಸಂಜೆ ಬಿಸಿಲು ಬಿದ್ದ ಹಾಗೆ.

ಮೆರವಣಿಗೆ ಹೊರಟಾಗ ಬಿಸಿಲಿತ್ತು. ಕೆಂಪು ಕೋಟಿನ 14 ಜನ ಮುಂದೆ, ಯಾರೂ ಬ್ಯಾಂಡ್ ಸೆಟ್ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ಒಬ್ಬ ಅಂದ. ಹಿಂದೆ ಕಂಬಳಿಯವರು, ಅವರ ನಡುವೆ ಕುಪ್ಪಸದವರು ಬಿಳಿ ಶರಟಿನ ಮೇಲೆ. ಕೋವಿ ಮರದ್ದು. ಊರಿನ ಮನೆಮನೆಯಲ್ಲೂ ಕೋವಿ ಇದ್ದರೂ ಡಬಲ್ ಬ್ಯಾರೆಲ್ ಬೇಡ ಅಂತ ಮಾವನ ಕಟ್ಟಪ್ಪಣೆ. ಜನ ಕಂಬಳಿಯವರನ್ನೇ ಹೆಚ್ಚು ನೋಡುತ್ತಿದ್ದರು ಅಂತ ನನಗೆ ಅನ್ನಿಸಿತು. ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಹಾಗಾಗಿ ಬಿಡಿ.

ಕೋಟೆ ಹತ್ತಿರ ಬರುವಾಗ ಮೋಡ ಕಟ್ಟಿತು. 1837ರ ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಅಲ್ಲೇ, ಮನೆಯವರ ಕಣ್ಣೆದುರು. ಒಂದು ನಿಮಿಷ ಮೌನ ಅಂತ ಎಲ್ಲರೂ ತಲೆ ತಗ್ಗಿಸಿ ನಿಂತರು. ಮೌನ ಮುಗಿಯುವ ಮೊದಲೇ ಹನಿ ಬಿತ್ತು, ಅರ್ಧ ನಿಮಿಷದಲ್ಲಿ ಮಳೆ. ಎಷ್ಟೋ ದಿನದಿಂದ ತೋಟದವರೆಲ್ಲ ಕಾಯುತ್ತಿದ್ದ ಹೂಮಳೆ. ಕಾಫಿ ಹೂ ಬಿಡಲು ಇದಿಲ್ಲದೆ ಆಗುವುದಿಲ್ಲ. ಅಂಗಡಿ ಮಾಡಿನ ಕೆಳಗೆ ನಿಂತ ಗಂಡಸರು ಒಬ್ಬರ ಬೆನ್ನು ಒಬ್ಬರು ತಟ್ಟುತ್ತಿದ್ದರು. ಮಕ್ಕಳು ಕುಣಿಯುತ್ತಿದ್ದವು. ಸಾಲಿನಿಂದ ಮಾತ್ರ ಒಬ್ಬರೂ ಓಡಲಿಲ್ಲ, ಹಿರಿಯರು ಮೊದಲೇ ಹೇಳಿಟ್ಟಿದ್ದರು.

ನಾನು ದಟ್ಟಿಗಳನ್ನು ನೋಡುತ್ತಿದ್ದೆ. ಮೊದಲು ಸೊಂಟದ ಹತ್ತಿರ ಶರಟು ಗುಲಾಬಿಯಾಯಿತು. ಆಮೇಲೆ ಕೆಂಪು ಗೆರೆಗಳು ಕೆಳಗಿಳಿದು ಪಂಚೆಗೆ ಬಂದವು. ಹೆಲ್ಮೆಟ್ ಹುಡುಗ ಕೈಯಿಂದ ಒರೆಸಿಕೊಂಡು ಅದೇ ಕೈಯನ್ನು ಎದೆಗೆ ಒರೆಸಿದ. ಮುಂದೆ ನಿಂತಿದ್ದ ಬ್ರಿಟಿಷರ ಕೋಟು, ಪೂರ್ತಿ ಪಾಲಿಯೆಸ್ಟರ್, ಒಂದು ಹನಿ ಬಣ್ಣ ಬಿಡಲಿಲ್ಲ.

ಮಳೆ ನಿಂತ ಮೇಲೆ ಕೊಡೆ ಹಿಡಿದ ಒಬ್ಬರು ಅಜ್ಜಿ ನನ್ನ ಹತ್ತಿರ ಬಂದು, ವೇಷ ಕೊಟ್ಟದ್ದು ನೀನೇಯಾ ಅಂತ ಕೇಳಿದರು. ಹೌದು ಅಂದೆ. “ಗಾಯ ಎಷ್ಟು ಚೆನ್ನಾಗಿ ಮಾಡಿದ್ದೀಯಮ್ಮ, ನಿಜವಾದ ರಕ್ತವೇ ಅನ್ನಿಸ್ತು” ಅಂದು ಕಣ್ಣೊರೆಸಿಕೊಂಡರು.

ಸುಬೇದಾರ್ ಮಾವ ಪಕ್ಕದಲ್ಲೇ ಇದ್ದರು. ಅವರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. 12 ಶರಟಿನಲ್ಲಿ 9 ಈಗ ಬಕೆಟ್ಟಿನಲ್ಲಿ ನೆನೆಯುತ್ತಿವೆ, ಮೂರನೇ ದಿನ. ನಾಳೆ ಸಂತೆಯಲ್ಲಿ ಅಳಲೆಕಾಯಿ ತರಬೇಕು.